‘ಅಜ್ಜಿ’ ಎಂದು ಬರೆಯುವ ಮುನ್ನ ಹೆಸರು ಕೇಳಿ

ಮಾನ್ಯ ಸಂಪಾದಕರೇ,

ಕನ್ನಡ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ವಯಸ್ಸಾದ ಹೆಣ್ಣುಮಕ್ಕಳ ಬಗ್ಗೆ ಬರುವ ಸುದ್ದಿಗಳು, ಚಿತ್ರಗಳ ಅಡಿಬರಹಗಳು ಹಾಗೂ ನುಡಿನಮನಗಳಲ್ಲಿ ‘ಅಜ್ಜಿ’ ಎಂಬ ಪದ ಬಳಕೆಯಾಗುತ್ತಿರುವ ರೀತಿಯನ್ನು ಕುರಿತು ಈ ಪತ್ರ ಬರೆಯುತ್ತಿದ್ದೇನೆ. ಪತ್ರಿಕೆಗಳು ಆ ಪದವನ್ನೇ ಬಿಟ್ಟುಬಿಡಬೇಕೆಂದು ನಾನು ಕೇಳುತ್ತಿಲ್ಲ. ಅದು ಜನರ ಬಾಯಲ್ಲಿ ಹೇಗಿದೆಯೋ ಹಾಗೆಯೇ ಅಚ್ಚಿನಲ್ಲೂ ಬರಲಿ, ಹೆಸರಿನ ಜೊತೆಗೆ ನಿಲ್ಲಲಿ, ಹೆಸರಿನ ಜಾಗವನ್ನೇ ಆಕ್ರಮಿಸದಿರಲಿ ಎಂಬುದು ನನ್ನ ಕೋರಿಕೆ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ವಿಷಯವೇ ಒಂದು ಪದದ್ದಾಗಿರುವುದರಿಂದ ವ್ಯಾಕರಣದ ಕೆಲವು ಮಾತುಗಳು ಇಲ್ಲಿ ಬರಲೇಬೇಕಾಗಿದೆ.

ಅಂಕೋಲೆಯ ಪೇಟೆಯಲ್ಲಿ ಬೆಳಗಿನ ಹೊತ್ತು ಹರಿವೆ, ಬಸಳೆ, ಮೂಲಂಗಿಯ ಕಟ್ಟುಗಳನ್ನು ಮುಂದಿಟ್ಟುಕೊಂಡು ಹಾಲಕ್ಕಿ ಒಕ್ಕಲಿಗರ ಹೆಂಗಸರು ಕುಳಿತಿರುತ್ತಾರೆ. ಬೇಸಿಗೆ ಬಂತೆಂದರೆ ಅದೇ ಬುಟ್ಟಿಗಳಲ್ಲಿ ಕರಿ ಇಷಾಡ ಮಾವಿನಹಣ್ಣು ಇರುತ್ತದೆ. ಕೊಳ್ಳಲು ಬಂದವರು, ಅವರು ಬ್ಯಾಂಕಿನ ನೌಕರರಿರಲಿ, ಕಾಲೇಜಿನ ಹುಡುಗರಿರಲಿ, “ಅಜ್ಜೀ, ಹರಿವೆ ಕಟ್ಟಿಗೆ ಎಷ್ಟು?” ಎಂದು ಕೇಳುತ್ತಾರೆ, ಆ ಕಡೆಯಿಂದ “ತಕೋ ಮಗಾ” ಎಂಬ ಉತ್ತರ ಬರುತ್ತದೆ. ಇಲ್ಲಿ ಕೊನೆಯ ಸ್ವರ ದೀರ್ಘವಾಗಿರುವುದನ್ನು ಗಮನಿಸಬೇಕು. ಅದು ಸಂಬೋಧನೆ. ಹಾಗೆ ಕರೆದವರು ಆ ಕ್ಷಣಕ್ಕೆ ತಾವು ಮೊಮ್ಮಕ್ಕಳ ಸ್ಥಾನದಲ್ಲಿ ನಿಲ್ಲಲು ಒಪ್ಪಿರುತ್ತಾರೆ, ಕರೆಸಿಕೊಂಡವರೂ ಅದನ್ನು ಒಪ್ಪಿಯೇ ‘ಮಗಾ’ ಎನ್ನುತ್ತಾರೆ. ಹೀಗೆ ಇಬ್ಬರ ನಡುವೆ ಒಂದು ನಂಟು ಏರ್ಪಟ್ಟು, ಎರಡು ಕಡೆಯೂ ಅದಕ್ಕೆ ತಕ್ಕ ನಡವಳಿಕೆ ಹುಟ್ಟುತ್ತದೆ. ಚೌಕಾಸಿ ಮಾಡುವವರ ದನಿ ತುಸು ತಗ್ಗುತ್ತದೆ, ಕೊಡುವ ಕೈ ಎರಡು ಎಲೆ ಹೆಚ್ಚಿಗೆ ಇಡುತ್ತದೆ. ಪೇಟೆಯಲ್ಲಿ ಈ ಪದ ಮಾಡುವ ಕೆಲಸ ಇದು, ಮತ್ತು ಇದರಲ್ಲಿ ಯಾವ ದೋಷವೂ ನನಗೆ ಕಾಣುವುದಿಲ್ಲ.

ಆದರೆ ಅದೇ ಹೆಂಗಸಿನ ಚಿತ್ರವನ್ನು ಮರುದಿನ ಪತ್ರಿಕೆಯಲ್ಲಿ ಹಾಕಿ, ಕೆಳಗೆ ‘ಸೊಪ್ಪು ಮಾರುತ್ತಿರುವ ಅಜ್ಜಿ’ ಎಂದು ಬರೆದಾಗ ಆ ನಂಟು ಇರುವುದಿಲ್ಲ. ಅಲ್ಲಿ ಕರೆಯುವವರೂ ಇಲ್ಲ, ಓಗೊಡುವವರೂ ಇಲ್ಲ. ಪತ್ರಿಕೆ ಆಕೆಯ ಮೊಮ್ಮಗುವಲ್ಲ, ಓದುಗರೂ ಅಲ್ಲ. ಸಂಬೋಧನೆಯ ಪದ ವರ್ಣನೆಯ ಪದವಾಗಿ ಬದಲಾದಾಗ ಅದರಲ್ಲಿ ಉಳಿಯುವುದು ವಯಸ್ಸೊಂದೇ. ನೆರೆತ ಕೂದಲು, ಸುಕ್ಕುಗಟ್ಟಿದ ಮುಖ, ಬಾಗಿದ ಬೆನ್ನು ಎಂಬಷ್ಟೇ ಅರ್ಥವನ್ನು ಅದು ಓದುಗನಿಗೆ ದಾಟಿಸುತ್ತದೆ. ಆಕೆಯ ಹೆಸರೇನು, ಊರು ಯಾವುದು, ಆ ಸೊಪ್ಪು ಬೆಳೆದ ಗದ್ದೆ ಆಕೆಯದೇ, ಗೇಣಿಯದೇ ಎಂಬ ಯಾವ ಪ್ರಶ್ನೆಯನ್ನೂ ಕೇಳದೆ ಚಿತ್ರ ಪೂರ್ಣಗೊಂಡಂತೆ ಕಾಣುವುದಕ್ಕೆ ಈ ಒಂದು ಪದ ಕಾರಣವಾಗುತ್ತದೆ.

ನಮ್ಮ ತಾಲ್ಲೂಕು ಈ ವಿಷಯದಲ್ಲಿ ಇಡೀ ನಾಡಿಗೆ ಎರಡು ದೊಡ್ಡ ಉದಾಹರಣೆಗಳನ್ನು ಕೊಟ್ಟಿದೆ. ಹಾಡುಗಾರ್ತಿಯಾದ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಮತ್ತು ಕಾಡುಮರಗಳ ಸಸಿ ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡ, ಇಬ್ಬರೂ ಅಂಕೋಲಾ ತಾಲ್ಲೂಕಿನವರು, ಇಬ್ಬರೂ ಹಾಲಕ್ಕಿ ಸಮುದಾಯದವರು, ಇಬ್ಬರೂ ಪದ್ಮಶ್ರೀ ಪಡೆದವರು. ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ, ಸುಕ್ರಿ ಬೊಮ್ಮಗೌಡರು 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಎರಡು ತಿಂಗಳ ಅಂತರದಲ್ಲಿ ಒಂದೇ ತಾಲ್ಲೂಕು ಇಂಥ ಇಬ್ಬರನ್ನು ಕಳೆದುಕೊಂಡಿತು. ಅವರನ್ನು ಇಲ್ಲಿನ ಜನ ಕರೆಯುತ್ತಿದ್ದದ್ದು ‘ಸುಕ್ರಜ್ಜಿ’, ‘ತುಳಸಜ್ಜಿ’ ಎಂದು.

ಈ ಎರಡು ರೂಪಗಳನ್ನು ತುಸು ನಿಧಾನವಾಗಿ ನೋಡಬೇಕು. ಸುಕ್ರಿ ಎಂಬುದರ ಮುಂದೆ ಅಜ್ಜಿ ಬಂದಾಗ ಮೊದಲ ಪದದ ಕೊನೆಯ ಇಕಾರ ಬಿದ್ದುಹೋಗಿ ‘ಸುಕ್ರಜ್ಜಿ’ ಆಗುತ್ತದೆ; ತುಳಸಿ ಎಂಬುದರ ಇಕಾರವೂ ಹಾಗೆಯೇ ಬೀಳುತ್ತದೆ. ಶಾಲೆಯಲ್ಲಿ ಇದನ್ನು ಲೋಪಸಂಧಿ ಎಂದು ಹೇಳಿಕೊಡುತ್ತೇವೆ. ಆದರೆ ‘ಸುಕ್ರಿಯಜ್ಜಿ’ ಎಂದು ಯಾರಾದರೂ ಹೇಳಿದರೆ ಕನ್ನಡ ಬಲ್ಲ ಕಿವಿಗೆ ಅದು ಸುಕ್ರಿ ಎಂಬ ಇನ್ನೊಬ್ಬ ಹುಡುಗಿಯ ಅಜ್ಜಿ ಎಂದೇ ಕೇಳಿಸುತ್ತದೆ. ಒಂದು ಯಕಾರದ ವ್ಯತ್ಯಾಸದಲ್ಲಿ ಅರ್ಥ ಪೂರ್ತಿ ಬೇರೆಯಾಗುತ್ತದೆ. ‘ಸುಕ್ರಜ್ಜಿ’ ಎಂಬಲ್ಲಿ ಸುಕ್ರಿಯೇ ಅಜ್ಜಿ. ಹೆಸರೂ ಸ್ಥಾನವೂ ಸೇರಿ ಒಂದೇ ಪದವಾಗಿವೆ. ಯಾವ ವ್ಯಾಕರಣವನ್ನೂ ಓದದ ಮಕ್ಕಳು ಕೂಡ ಈ ಎರಡನ್ನು ಎಂದೂ ತಪ್ಪಿ ಬಳಸುವುದಿಲ್ಲ. ಊರಿನವರ ಬಾಯಲ್ಲಿ ‘ಅಜ್ಜಿ’ ಹೆಸರಿಗೆ ಎಷ್ಟು ಬಿಗಿಯಾಗಿ ಅಂಟಿಕೊಂಡು ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಇನ್ನೊಂದು ಸಂಗತಿಯೂ ಇದೆ. ಕನ್ನಡನಾಡಿನ ಹೆಣ್ಣು ಹೆಸರುಗಳಲ್ಲಿ ಅಕ್ಕ, ಅವ್ವ, ಅಮ್ಮ ಎಂಬ ನಂಟಿನ ಪದಗಳು ಧಾರಾಳವಾಗಿ ಸೇರಿಕೊಳ್ಳುತ್ತವೆ. ಮಾಗಡಿ ಸೀಮೆಯ ಸಾಲುಮರದ ತಿಮ್ಮಕ್ಕ, ಪಾವಗಡದ ಸೂಲಗಿತ್ತಿ ನರಸಮ್ಮ, ಕೊಪ್ಪಳ ಜಿಲ್ಲೆಯ ತೊಗಲುಗೊಂಬೆಯಾಟದ ಭೀಮವ್ವ ಶಿಳ್ಳೇಕ್ಯಾತರ, ಈ ಮೂವರ ಹೆಸರನ್ನು ನೋಡಿದರೆ ಸಾಕು. ಅಲ್ಲಿ ಅಕ್ಕ, ಅಮ್ಮ, ಅವ್ವ ಎಂಬವು ಹೆಸರಿಡುವಾಗಲೇ ಬಂದ ಭಾಗಗಳು. ತೊಟ್ಟಿಲಲ್ಲಿ ಮಲಗಿದ ಕೂಸಿಗೂ ತಿಮ್ಮಕ್ಕ ಎಂದು ಹೆಸರಿಡಬಹುದು. ಆದರೆ ಯಾವ ಕೂಸಿಗೂ ಯಾರೂ ‘ಸುಕ್ರಜ್ಜಿ’ ಎಂದು ಹೆಸರಿಡುವುದಿಲ್ಲ. ಆ ‘ಅಜ್ಜಿ’ ಬದುಕಿನ ಕೊನೆಯ ಭಾಗದಲ್ಲಿ, ಊರಿನವರ ಕೈಯಿಂದ, ಅಷ್ಟು ವರ್ಷ ನೋಡಿದ ಮೇಲೆ ಸೇರುತ್ತದೆ. ವಯಸ್ಸಾದ ಎಲ್ಲರಿಗೂ ಅದು ಸಿಗುವುದೂ ಇಲ್ಲ. ನಮ್ಮ ಓಣಿಯಲ್ಲಿಯೇ ಎಂಬತ್ತು ದಾಟಿದ, ಆದರೆ ಹೆಸರಿನೊಂದಿಗೆ ಯಾರೂ ಅಜ್ಜಿ ಸೇರಿಸದ ಹೆಂಗಸರಿದ್ದಾರೆ. ಹೀಗಿರುವಾಗ ಊರು ಕೊಟ್ಟ ಒಂದು ಬಿರುದನ್ನು ಅದರ ಹೆಸರಿನಿಂದ ಕಿತ್ತು, ಬಿಡಿಯಾದ ‘ಅಜ್ಜಿ’ಯನ್ನು ಮಾತ್ರ ಉಳಿಸಿಕೊಳ್ಳುವುದು ಸರಿಯೇ?

ಪ್ರಶಸ್ತಿ ಬಂದಾಗಲೂ, ತೀರಿಕೊಂಡಾಗಲೂ ಈ ಇಬ್ಬರ ಬಗ್ಗೆ ಬಹಳ ಬರಹಗಳು ಬಂದವು. ಬಹುಪಾಲು ಪ್ರೀತಿಯಿಂದಲೇ ಬರೆದವು, ಅದರಲ್ಲಿ ಸಂಶಯವಿಲ್ಲ. ಆದರೂ ತಲೆಬರಹಗಳಲ್ಲಿ ‘ಬರಿಗಾಲ ಅಜ್ಜಿ’, ‘ಅನಕ್ಷರಸ್ಥ ಅಜ್ಜಿ’, ‘ಕಾಡಿನ ಅಜ್ಜಿ’ ಎಂಬಂಥ ಮಾತುಗಳು ಪದೇ ಪದೇ ಕಣ್ಣಿಗೆ ಬಿದ್ದವು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ತುಳಸಿ ಗೌಡರು ಹಾಲಕ್ಕಿಗಳ ಉಡುಗೆಯಲ್ಲಿ, ಬರಿಗಾಲಿನಲ್ಲಿ ನಡೆದು ಪದ್ಮಶ್ರೀ ಸ್ವೀಕರಿಸಿದ ಚಿತ್ರ ದೇಶವೆಲ್ಲ ಹರಡಿತು. ಅನೇಕರಿಗೆ ಅವರ ಬಗ್ಗೆ ಗೊತ್ತಾದದ್ದು ಅಷ್ಟೇ. ಅವರು ಅರಣ್ಯ ಇಲಾಖೆಯ ಸಸ್ಯಪಾಲನಾ ಕೇಂದ್ರದಲ್ಲಿ ದಿನಗೂಲಿಯಾಗಿ ಸೇರಿ, ದಶಕಗಳ ಕಾಲ ಬೀಜ ಆರಿಸಿ, ಸಸಿ ಮಾಡಿ, ಬೆಳೆಸಿದವರು. ಕಾಡಿನಲ್ಲಿ ಒಂದೇ ಜಾತಿಯ ಹತ್ತಾರು ಮರಗಳಿದ್ದರೂ ಬೀಜಕ್ಕೆ ತಕ್ಕ ತಾಯಿಮರ ಯಾವುದು, ಅದರ ಬೀಜವನ್ನು ಯಾವ ಹೊತ್ತಿನಲ್ಲಿ ಸಂಗ್ರಹಿಸಬೇಕು ಎಂಬುದನ್ನು ಅವರು ಬಲ್ಲವರಾಗಿದ್ದರು. ಬೇಗ ಕಿತ್ತರೆ ಬೀಜ ಬಲಿತಿರುವುದಿಲ್ಲ, ತಡವಾದರೆ ನೆಲಕ್ಕೆ ಬಿದ್ದು ಹುಳ ಹಿಡಿಯುತ್ತದೆ. ಕೆಲವು ಮರಗಳ ಬೀಜ ಕೆಲವೇ ದಿನಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಪಶ್ಚಿಮ ಘಟ್ಟದ ಮರಗಳ ವಿಷಯದಲ್ಲಿ ಇಷ್ಟನ್ನು ತಿಳಿದು, ಪಳಗಿದ ಕೈಯಿಂದ ಅದನ್ನು ಮಾಡಿ ತೋರಿಸುವುದು ಒಂದು ವಿದ್ಯೆ. ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ ಅವರಿಗೆ 1986ರಲ್ಲಿಯೇ ಬಂದಿತ್ತು, ಪದ್ಮಶ್ರೀಗಿಂತ ಮೂರು ದಶಕಕ್ಕೂ ಹಿಂದೆ. ಆಗ ಅವರು ಯಾರ ಕಣ್ಣಿಗೂ ‘ಅಜ್ಜಿ’ಯಾಗಿರಲಿಲ್ಲ, ಕೆಲಸ ಬಲ್ಲ ಒಬ್ಬ ಹೆಂಗಸಾಗಿದ್ದರು. ಇದೇ ತಿಳಿವಳಿಕೆಯುಳ್ಳ ಗಂಡಸೊಬ್ಬರು ಅದೇ ವಯಸ್ಸಿನಲ್ಲಿ ತೀರಿಕೊಂಡಿದ್ದರೆ ನಮ್ಮ ಪತ್ರಿಕೆಗಳು ‘ಹಿರಿಯ ಸಸ್ಯಜ್ಞಾನಿ’ ಎಂದೋ ‘ಪರಿಸರ ತಜ್ಞ’ ಎಂದೋ ಬರೆಯುತ್ತಿದ್ದವು. ‘ಅಜ್ಜ ನಿಧನ’ ಎಂದು ಯಾವ ಸಂಪಾದಕರೂ ತಲೆಬರಹ ಕೊಡುತ್ತಿರಲಿಲ್ಲ ಎಂಬುದನ್ನು ನಾನು ಖಚಿತವಾಗಿ ಹೇಳಬಲ್ಲೆ.

ಸುಕ್ರಿ ಬೊಮ್ಮಗೌಡರ ವಿಷಯವೂ ಬೇರೆಯಲ್ಲ. ಹಾಲಕ್ಕಿಗಳ ಹಾಡುಗಳನ್ನು ತಾಯಿಯಿಂದ ಕಲಿತು, ಒಂದು ಸಮುದಾಯದ ಮದುವೆ, ಸುಗ್ಗಿ, ದುಡಿಮೆಗಳ ನೆನಪನ್ನು ಕಂಠದಲ್ಲಿಯೇ ಉಳಿಸಿಕೊಂಡು ಮುಂದಿನವರಿಗೆ ಕಲಿಸಿದವರು ಅವರು. ಮನೆಯವರನ್ನು ಕುಡಿತಕ್ಕೆ ಕಳೆದುಕೊಂಡು, ಆಮೇಲೆ ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ನಿಂತವರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದದ್ದು ಕಲೆಯ ಕ್ಷೇತ್ರದಿಂದ. ಆ ಬರಹಗಳಲ್ಲಿ ‘ಹಾಡುವ ಅಜ್ಜಿ’ ಎಂದು ಓದಿದಾಗ, ಹಾಡು ಒಂದು ಕಾಲಕ್ಷೇಪವೆಂಬಂತೆ, ಮುಪ್ಪಿನಲ್ಲಿ ಬಂದ ಒಂದು ಮುದ್ದಿನ ಗುಣವೆಂಬಂತೆ ಕಾಣುತ್ತಿತ್ತು. ಹಾಡುಗಾರ್ತಿ, ಹೋರಾಟಗಾರ್ತಿ ಎಂಬ ಪದಗಳು ಕನ್ನಡದಲ್ಲಿ ಇಲ್ಲವೇ?

ಇಷ್ಟಕ್ಕೂ ‘ಅಜ್ಜಿ’ ಎಂಬುದು ಹುಟ್ಟಿನಿಂದ ಸಣ್ಣ ಪದವಲ್ಲ. ಸಂಸ್ಕೃತದ ‘ಆರ್ಯ’ ಎಂಬುದು ಪ್ರಾಕೃತದಲ್ಲಿ ‘ಅಜ್ಜ’ ಆಗಿ, ‘ಆರ್ಯಿಕಾ’ ಎಂಬುದು ‘ಅಜ್ಜಿಆ’ ಆಗಿ, ಅಲ್ಲಿಂದ ಕನ್ನಡಕ್ಕೆ ಅಜ್ಜ, ಅಜ್ಜಿಯರಾಗಿ ಬಂದಿವೆ ಎಂಬುದು ನಿಘಂಟುಗಳ ಅಭಿಪ್ರಾಯ. ಕಾರವಾರದ ಕಡೆ ಕೇಳಿಬರುವ ಮರಾಠಿಯ ‘ಆಜಿ’ಯೂ ಇದೇ ಮೂಲದ್ದು. ಪೂಜ್ಯಳು, ಗೌರವಕ್ಕೆ ಅರ್ಹಳು ಎಂಬುದು ಮೂಲದ ಅರ್ಥ. ದಿಗಂಬರ ಜೈನ ಸಂಪ್ರದಾಯದಲ್ಲಿ ದೀಕ್ಷೆ ಪಡೆದ ಸನ್ಯಾಸಿನಿಯರನ್ನು ಇಂದಿಗೂ ‘ಆರ್ಯಿಕೆ’ಯರು ಎಂದೇ ಕರೆಯುತ್ತಾರೆ. ಮೊಮ್ಮಕ್ಕಳಿರುವ ಹೆಂಗಸು ಎಂಬ ಅರ್ಥ ಆಮೇಲೆ ಅದರ ಮೇಲೆ ಬಂದು ಕುಳಿತದ್ದು.

ಪುಲ್ಲಿಂಗದ ‘ಅಜ್ಜ’ ಎಂಬ ಪದ ಈ ಹಳೆಯ ಗೌರವವನ್ನು ಹಲವು ಕಡೆ ಉಳಿಸಿಕೊಂಡಿದೆ. ನಮ್ಮದೇ ಜಿಲ್ಲೆಯ ಘಟ್ಟದ ಮೇಲಿನ ಮುಂಡಗೋಡ, ಹಳಿಯಾಳಗಳಿಂದ ಹಿಡಿದು ಹುಬ್ಬಳ್ಳಿ, ಗದಗಗಳ ತನಕ ಮಠದ ಸ್ವಾಮಿಗಳನ್ನು ಭಕ್ತರು ‘ಅಜ್ಜಾರು’ ಎನ್ನುತ್ತಾರೆ. ಶಿಶುನಾಳದ ಶರೀಫರನ್ನು ‘ಶರೀಫಜ್ಜ’ ಎಂದು ಕರೆಯುವವರಿಗೆ ಅದು ವಯಸ್ಸಿನ ಮಾತಾಗಿ ತೋರುವುದೇ ಇಲ್ಲ. ಪತ್ರಿಕೆಗಳೂ ‘ಶರೀಫಜ್ಜ’ ಎಂಬುದನ್ನು ಹಾಗೆಯೇ, ಹೆಸರಿನೊಂದಿಗೆ, ಗೌರವದಿಂದ ಬರೆಯುತ್ತವೆ. ಹೆಸರು ಬಿಟ್ಟು ‘ಹಾಡು ಕಟ್ಟಿದ ಅಜ್ಜ’ ಎಂದು ಮಾತ್ರ ಬರೆದದ್ದನ್ನು ನಾನು ಎಲ್ಲಿಯೂ ಓದಿಲ್ಲ. ಒಂದೇ ಬೇರಿನ ಎರಡು ಪದಗಳಲ್ಲಿ ಗಂಡಿನದು ಗುರುವಿನ ಸ್ಥಾನಕ್ಕೆ ಏರಿ, ಹೆಣ್ಣಿನದು ಚಿತ್ರದ ಅಡಿಬರಹಕ್ಕೆ ಇಳಿದಿರುವುದು ಪದದ ತಪ್ಪಲ್ಲ, ಬಳಸುವವರದ್ದು. ‘ಅಜ್ಜಿ ಕಥೆ’ ಎಂಬ ಮಾತನ್ನು ನಂಬಲಾಗದ ಸಂಗತಿ ಎಂಬ ಅರ್ಥದಲ್ಲಿ ಸುಶಿಕ್ಷಿತರು ಸಲೀಸಾಗಿ ಬಳಸುವುದೂ ಇದೇ ಇಳಿಜಾರಿನದು. ಕಥೆ ಹೇಳಿದ್ದು ಅಜ್ಜಿಯಾದ್ದರಿಂದ ಅದು ಹಗುರವಾಯಿತೆಂದರೆ, ಜಾನಪದ ಸಂಗ್ರಹವೆಂದು ನಾವು ಹೆಮ್ಮೆಯಿಂದ ಕಪಾಟಿನಲ್ಲಿ ಇಟ್ಟುಕೊಂಡಿರುವುದರಲ್ಲಿ ಎಷ್ಟು ಉಳಿದೀತು?

ಈ ಬಳಕೆ ಪ್ರಸಿದ್ಧರಾದವರ ವಿಷಯಕ್ಕೆ ನಿಲ್ಲುವುದಿಲ್ಲ. ಕುಮಟಾ ಸೀಮೆಯಲ್ಲಿ ಬೇಸಿಗೆಯ ಹೊತ್ತು ಹೆದ್ದಾರಿಯ ಬದಿಯಲ್ಲಿ ಸಿಹಿ ಈರುಳ್ಳಿಯ ಜಡೆಗಳನ್ನು ತೂಗುಹಾಕಿಕೊಂಡು ಮಾರುವವರನ್ನು ಆ ದಾರಿಯಲ್ಲಿ ಹೋದವರೆಲ್ಲ ನೋಡಿರುತ್ತಾರೆ. ಹಾಗೆ ಮಾರುವ, ನನಗೆ ಪರಿಚಯವಿರುವ ಒಬ್ಬ ಹೆಂಗಸಿನ ಚಿತ್ರ ಒಂದು ಪತ್ರಿಕೆಯಲ್ಲಿ ಬಂದಿತ್ತು. ಚಿತ್ರ ತುಂಬ ಚೆನ್ನಾಗಿತ್ತು. ಈರುಳ್ಳಿಯ ಒಣಗಿದ ಎಲೆಗಳನ್ನು ಜಡೆಯಾಗಿ ಹೆಣೆಯುತ್ತಿದ್ದ ಅವರ ಬೆರಳುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಕೆಳಗೆ ‘ಬಿಸಿಲಿನಲ್ಲಿ ಗಿರಾಕಿಗಾಗಿ ಕಾದಿರುವ ಅಜ್ಜಿ’ ಎಂದಿತ್ತು. ಮಗ ಅದನ್ನು ಓದಿ ಹೇಳಿದಾಗ ಆಕೆ ಕೇಳಿದ ಮಾತು, “ನಾನು ಯಾರ ಅಜ್ಜಿ? ಇವನಿಗೆ ಇನ್ನೂ ಮದುವೆಯೇ ಆಗಿಲ್ಲ” ಎಂದು. ಅವರ ದನಿಯಲ್ಲಿದ್ದದ್ದು ಸಿಟ್ಟಲ್ಲ, ನೋವು. ಬಿಸಿಲು ಕೂದಲನ್ನೂ ಚರ್ಮವನ್ನೂ ಬೇಗ ಮಾಗಿಸುತ್ತದೆ; ಗದ್ದೆಯಲ್ಲಿ, ಮೀನು ಪೇಟೆಯಲ್ಲಿ, ಹೆದ್ದಾರಿಯ ಬದಿಯಲ್ಲಿ ದುಡಿಯುವ ಹೆಂಗಸರು ನೆರಳಿನಲ್ಲಿ ಕುಳಿತು ದುಡಿಯುವವರಿಗಿಂತ ಹಿರಿಯರಾಗಿ ಕಾಣುತ್ತಾರೆ. ಹಾಗಾಗಿ ಕಣ್ಣಂದಾಜಿನ ‘ಅಜ್ಜಿ’ ಹೆಚ್ಚಾಗಿ ಹೋಗಿ ಬೀಳುವುದು ಮೈಬಗ್ಗಿಸಿ ದುಡಿಯುವವರ ಮೇಲೆಯೇ. ಅದೇ ವಯಸ್ಸಿನ ಅಧ್ಯಾಪಕಿಯನ್ನು, ವೈದ್ಯೆಯನ್ನು, ಜನಪ್ರತಿನಿಧಿಯನ್ನು ಯಾವ ವರದಿಯೂ ಅಜ್ಜಿ ಎನ್ನುವುದಿಲ್ಲ. ನಿವೃತ್ತಿಯ ಬೀಳ್ಕೊಡುಗೆಯ ಸುದ್ದಿಯಲ್ಲಿ ನನ್ನನ್ನು ಕೂಡ ಯಾರೂ ಹಾಗೆ ಬರೆಯಲಿಲ್ಲ; ಹೆಸರನ್ನೂ ಹುದ್ದೆಯನ್ನೂ ಬರೆದರು. ಆಗ ನನಗೂ ಆ ಈರುಳ್ಳಿ ಮಾರುವವರಿಗೂ ವಯಸ್ಸಿನಲ್ಲಿ ಹೇಳಿಕೊಳ್ಳುವಂಥ ಅಂತರವೇನೂ ಇರಲಿಲ್ಲ.

ವಯಸ್ಸನ್ನೇ ಹೇಳಬೇಕಾದ ಸುದ್ದಿಗಳಿರುತ್ತವೆ, ನಿಜ. ಅದಕ್ಕೆ ಅಂಕೆ ಇದೆ. ಹೆಸರಿನ ಪಕ್ಕದಲ್ಲಿ ಕಂಸದೊಳಗೆ 68 ಎಂದು ಹಾಕಿದರೆ ಮುಗಿಯಿತು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ 60 ವರ್ಷ ತುಂಬಿದವರೆಲ್ಲ ‘ಹಿರಿಯ ನಾಗರಿಕ’ರು, ಯೋಜನೆ, ಪಿಂಚಣಿ, ರಿಯಾಯಿತಿಗಳ ಸುದ್ದಿಯಲ್ಲಿ ಆ ಪದ ಸರಿಯಾಗಿ ಹೊಂದುತ್ತದೆ. ಅಪಘಾತ ಮತ್ತು ಅಪರಾಧದ ಸುದ್ದಿಗಳಲ್ಲಿ ಪೊಲೀಸರ ಪ್ರಕಟಣೆಯಿಂದ ನೇರವಾಗಿ ಇಳಿದುಬರುವ ‘ವೃದ್ಧೆ’ ಎಂಬ ಪದದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆದರೆ ಅದರ ಜೊತೆಗೆ ಬರುವ ‘ಮೃತಪಟ್ಟಿದ್ದಾಳೆ’, ‘ಸರ ಕಳೆದುಕೊಂಡಿದ್ದಾಳೆ’ ಎಂಬ ಏಕವಚನದ ಬಗ್ಗೆ ಹೇಳಲೇಬೇಕು. ಅದೇ ಪುಟದಲ್ಲಿ, ಅದೇ ಅಪಘಾತದಲ್ಲಿ ಗಾಯಗೊಂಡ ಗಂಡಸರಿಗೆ ‘ಗಾಯಗೊಂಡಿದ್ದಾರೆ’ ಎಂದು ಬಹುವಚನವಿರುವುದನ್ನು ನಾನು ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಮನೆಯಲ್ಲಿ ನಾವು ಅಜ್ಜಿಯನ್ನು ಏಕವಚನದಲ್ಲಿಯೇ ಕರೆಯುತ್ತೇವೆ, ಅದರಲ್ಲಿ ಸಲಿಗೆಯಿದೆ, ಅಗೌರವವಿಲ್ಲ ಎಂದು ಹೇಳುವವರಿದ್ದಾರೆ. ನಾನು ಇದನ್ನು ಒಪ್ಪುತ್ತೇನೆ, ಅಷ್ಟೇ ಅಲ್ಲ, ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹವ್ಯಕರ ಮಾತಿನಲ್ಲಿ ಹೆಣ್ಣಿಗೆ ನಪುಂಸಕಲಿಂಗದ ಕ್ರಿಯಾಪದವೇ ಬರುತ್ತದೆ. ‘ಅಮ್ಮ ಪೇಟೆಗೆ ಹೋಯ್ದು’ ಎಂದು ಮೊಮ್ಮಗ ಹೇಳಿದರೆ ಅಜ್ಜಿ ಪೇಟೆಗೆ ಹೋಗಿದ್ದಾರೆ ಎಂದು ಅರ್ಥ. ಆ ‘ಹೋಯ್ದು’ ಎಂಬುದರಲ್ಲಿ ತಾತ್ಸಾರದ ಲವಲೇಶವೂ ಇಲ್ಲ. ಆ ಮನೆಯ ಅಡುಗೆ, ಕೊಟ್ಟಿಗೆ, ಹಬ್ಬ, ನೆಂಟರು ಎಲ್ಲ ಅಜ್ಜಿಯ ಮಾತಿನ ಮೇಲೆಯೇ ನಡೆಯುತ್ತಿರುತ್ತದೆ. ಆದರೆ ಅದೇ ವಾಕ್ಯವನ್ನು ಹಾಗೆಯೇ ಅಚ್ಚು ಹಾಕಿ, ‘ಅಜ್ಜಿ ಪೇಟೆಗೆ ಹೋಗಿತ್ತು’ ಎಂದು ವರದಿ ಬರೆಯಲು ಯಾವ ವರದಿಗಾರರೂ ಒಪ್ಪಲಾರರು. ಮನೆಯ ಮಾತನ್ನು ಅಚ್ಚಿಗೆ ತರುವಾಗ ಗೌರವದ ಲೆಕ್ಕವನ್ನು ಮತ್ತೆ ಸರಿಹೊಂದಿಸಬೇಕು ಎಂಬುದು ಇಲ್ಲಿ ಎಲ್ಲರಿಗೂ ಸಹಜವಾಗಿಯೇ ಹೊಳೆಯುತ್ತದೆ. ಬಿಡಿಯಾದ ‘ಅಜ್ಜಿ’ಯ ವಿಷಯದಲ್ಲಿಯೂ ಅದೇ ಎಚ್ಚರ ಬೇಕೆಂದು ನಾನು ಹೇಳುತ್ತಿರುವುದು.

ಆ ವಾಕ್ಯದಲ್ಲಿ ‘ಅಮ್ಮ’ ಎಂದರೆ ಅಜ್ಜಿ ಎಂಬುದೂ ನಮ್ಮ ಜಿಲ್ಲೆಯ ಒಂದು ಮುಖ್ಯ ಸಂಗತಿ. ಘಟ್ಟದ ಮೇಲಿನ ಅನೇಕ ಹವ್ಯಕ ಮನೆಗಳಲ್ಲಿ ಹೆತ್ತವಳು ‘ಆಯಿ’, ಅಜ್ಜಿ ‘ಅಮ್ಮ’ ಅಥವಾ ‘ಅಮ್ಮಮ್ಮ’. ಕಾರವಾರದ ಕೊಂಕಣಿ ಮನೆಗಳಲ್ಲಿ ‘ಆಜಿ’ ಎಂದು ಕರೆಯುವವರಿದ್ದಾರೆ, ಕ್ರೈಸ್ತರ ಮನೆಗಳಲ್ಲಿ ‘ಶಾಮಾಯ್’ ಎಂಬುದುಂಟು, ಉರ್ದು ಆಡುವ ಮನೆಗಳಲ್ಲಿ ತಂದೆಯ ತಾಯಿ ‘ದಾದಿ’, ತಾಯಿಯ ತಾಯಿ ‘ನಾನಿ’. ಕನ್ನಡದ ‘ಅಜ್ಜಿ’ಗೆ ಈ ಭೇದವಿಲ್ಲ, ಎರಡೂ ಕಡೆಯವರನ್ನು ಅದು ಒಂದೇ ಪದದಲ್ಲಿ ಹಿಡಿಯುತ್ತದೆ. ಬೇರೆ ಕಡೆಯಿಂದ ಬಂದ ವರದಿಗಾರರೊಬ್ಬರು ನೆರೆ ಬಂದ ಊರಿನಲ್ಲಿ ಮಗುವೊಂದನ್ನು ಮಾತನಾಡಿಸಿ, ಅದು ‘ಅಮ್ಮ ಮನೆಯೊಳಗೇ ಇತ್ತು’ ಎಂದದ್ದನ್ನು ‘ತಾಯಿ ಮನೆಯೊಳಗೆ ಸಿಲುಕಿದ್ದರು’ ಎಂದು ಬರೆದರೆ ಸುದ್ದಿಯೇ ಬದಲಾಗಿಬಿಡುತ್ತದೆ. ಇದು ಬರಿಯ ಊಹೆಯ ಮಾತೆಂದು ಯಾರಾದರೂ ಹೇಳಿದರೆ, ಶಾಲೆಯ ದಾಖಲಾತಿಯ ಅರ್ಜಿ ತುಂಬಿಸುವಾಗ ಮಕ್ಕಳ ಬಾಯಿಂದ ‘ಅಮ್ಮನ ಹೆಸರು’ ಕೇಳಿ ಅಜ್ಜಿಯ ಹೆಸರನ್ನು ಬರೆಸಿಕೊಂಡ ಪ್ರಸಂಗಗಳನ್ನು ನಮ್ಮ ಕಡೆಯ ಶಿಕ್ಷಕರಲ್ಲಿ ವಿಚಾರಿಸಬಹುದು. ‘ಅಮ್ಮ’ ಎಂದರೆ ಯಾರು ಎಂದು ಆ ಮನೆಯಲ್ಲಿ ಒಂದು ಸಲ ಕೇಳಿ ತಿಳಿದುಕೊಳ್ಳುವುದಕ್ಕೆ ಹಿಡಿಯುವ ಹೊತ್ತು ಬಹಳ ಕಡಿಮೆ. ಹಾಗೆಯೇ, ಮೊಮ್ಮಕ್ಕಳೇ ಬರೆದ ನೆನಪಿನ ಬರಹಗಳು ಸಾಪ್ತಾಹಿಕ ಪುರವಣಿಗೆ ಬಂದಾಗ, ಅವರು ‘ಅಮ್ಮಮ್ಮ’ ಎಂದು ಬರೆದದ್ದನ್ನು ‘ಅಜ್ಜಿ’ ಎಂದೂ, ‘ಆಯಿ’ ಎಂದು ಬರೆದದ್ದನ್ನು ‘ಅಮ್ಮ’ ಎಂದೂ ತಿದ್ದುವ ಪರಿಪಾಠವಿದ್ದರೆ ಅದನ್ನು ದಯವಿಟ್ಟು ಬಿಡಬೇಕು. ಹಾಗೆ ತಿದ್ದಿದಾಗ ಬರೆದವರ ಮನೆಯ ದನಿ ಹೋಗುತ್ತದೆ, ಅರ್ಥವೂ ಅದಲುಬದಲಾಗುತ್ತದೆ.

ಓದುಗರಿಗೆ ‘ಅಜ್ಜಿ’ ಎಂದರೆ ಹತ್ತಿರವಾಗುತ್ತದೆ, ಹೆಸರು ಬರೆದರೆ ದೂರವಾಗುತ್ತದೆ ಎಂದು ಪತ್ರಿಕೆಯಲ್ಲಿ ದುಡಿಯುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಾದಿಸಿದ. ತಲೆಬರಹದಲ್ಲಿ ಜಾಗ ಕಡಿಮೆ ಎಂಬುದನ್ನೂ ಸೇರಿಸಿದ. ಜಾಗದ ಮಾತಿಗೆ ಉತ್ತರ ಸುಲಭ: ‘ತುಳಸಜ್ಜಿ’ ಎಂಬುದು ‘ಬರಿಗಾಲ ಅಜ್ಜಿ’ ಎಂಬುದಕ್ಕಿಂತ ಚಿಕ್ಕದು. ಹತ್ತಿರದ ಮಾತಿಗೆ ನನ್ನ ಉತ್ತರ ಇಷ್ಟು. ಬಡಿಗೇರಿಯವರಿಗೆ ಸುಕ್ರಜ್ಜಿ ಹತ್ತಿರವಾಗಿದ್ದದ್ದು ಅವರ ಹೆಸರು, ಹಾಡು, ಜಗಳ, ಮನೆಯ ಬಾಗಿಲು ಎಲ್ಲವೂ ಗೊತ್ತಿದ್ದರಿಂದ. ಏನೂ ಗೊತ್ತಿಲ್ಲದೆ ಬರಿಯ ಪದದಿಂದ ಬರುವ ಸಲಿಗೆಯನ್ನು ನಾನು ಹತ್ತಿರವೆಂದು ಕರೆಯಲಾರೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಹೀಗಿದೆ. ಜಿಲ್ಲೆಯ ವರದಿಗಾರರೂ ಛಾಯಾಗ್ರಾಹಕರೂ ವಯಸ್ಸಾದ ಹೆಂಗಸಿನ ಚಿತ್ರ ತೆಗೆದಾಗ ಆಕೆಯ ಹೆಸರು ಮತ್ತು ಊರನ್ನು ಕೇಳಿ ಬರೆದುಕೊಳ್ಳುವಂತೆ ತಾವು ಸೂಚಿಸಬೇಕು. ಹೆಸರು ಹೇಳಲು ಆಕೆಗೆ ಇಷ್ಟವಿಲ್ಲದಿದ್ದರೆ ಮಾಡುತ್ತಿರುವ ಕೆಲಸದಿಂದ, ‘ಈರುಳ್ಳಿ ಬೆಳೆಗಾರ್ತಿ’, ‘ಮೀನು ವ್ಯಾಪಾರಿ’, ‘ನಾಟಿ ಕೆಲಸದವರು’ ಎಂದು ಗುರುತಿಸಬಹುದು. ಜನ ಒಬ್ಬರನ್ನು ‘ಅಜ್ಜಿ’ ಸೇರಿಸಿ ಕರೆಯುತ್ತಿದ್ದರೆ ಅದನ್ನು ಹೆಸರಿನೊಂದಿಗೇ, ಸಂಧಿ ಮಾಡಿ, ಜನ ಹೇಳುವ ಹಾಗೆಯೇ ಬರೆಯಬೇಕು, ಕ್ರಿಯಾಪದ ಬಹುವಚನದಲ್ಲಿರಬೇಕು. ಮುಂದಿನ ಡಿಸೆಂಬರ್ ಮತ್ತು ಫೆಬ್ರುವರಿಯಲ್ಲಿ ತುಳಸಿ ಗೌಡ ಹಾಗೂ ಸುಕ್ರಿ ಬೊಮ್ಮಗೌಡರ ನೆನಪಿನ ಬರಹಗಳು ತಮ್ಮ ಪುಟಗಳಲ್ಲಿ ಬರುವಾಗ, ಅವರ ಪೂರ್ಣ ಹೆಸರೂ ಅವರು ಬಲ್ಲ ವಿದ್ಯೆಯೂ ಮೊದಲ ಸಾಲಿನಲ್ಲಿಯೇ ಇರುವಂತೆ ನೋಡಿಕೊಳ್ಳಬೇಕೆಂದು ವಿನಂತಿಸುತ್ತೇನೆ. ಹೊನ್ನಳ್ಳಿ ಮತ್ತು ಬಡಿಗೇರಿಗಳಲ್ಲಿ ಅವರಿಂದ ಬೀಜದ ಕೆಲಸವನ್ನೂ ಹಾಡುಗಳನ್ನೂ ಕಲಿತವರು ಇದ್ದಾರೆ. ಅವರನ್ನು ಮಾತನಾಡಿಸಿ, ಅವರ ಹೆಸರುಗಳನ್ನೂ ಆ ಬರಹಗಳಲ್ಲಿ ಸೇರಿಸಿದರೆ ನನ್ನಂಥ ಓದುಗರಿಗೆ ಬಹಳ ಸಂತೋಷವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ,
ಅಂಕೋಲಾ, ಉತ್ತರ ಕನ್ನಡ